ಸಹಾಯ ಬೇಕು: ಯುದ್ಧಕ್ಕೆ ಹೋದ ಹಾಸ್ಟೆಲ್ ಹುಡುಗರ ಕಥೆ ನಿಜವಾ?

ಎಲ್ಲರಿಗೂ ನಮಸ್ಕಾರ. ಮೊದಲನೇ ಮಹಾಯುದ್ಧದಲ್ಲಿ ಮೈಸೂರಿನ ಒಂದು ಹಾಸ್ಟೆಲಿನ ಏಳು ಹುಡುಗರು ಪರೀಕ್ಷೆ ಬಿಟ್ಟು ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಸೇರಿದರಂತೆ, ಈಗಿನ ಇಸ್ರೇಲ್‌ನ ಹೈಫಾದಲ್ಲಿ ಎಲ್ಲರೂ ತೀರಿಕೊಂಡರಂತೆ. ನಮ್ಮಜ್ಜಿ ಇದನ್ನು ಹೇಳುವಾಗ ಪ್ರತಿ ಸಲ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಹುಡುಗರ ಹೆಸರು ಹುಡುಕಬೇಕು ಅಂತ ಹೊರಟಿದ್ದೇನೆ.

1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದದ್ದರಲ್ಲಿ ನಮ್ಮ ಲ್ಯಾನ್ಸರ್ಸ್ ಇದ್ದದ್ದು ನಿಜ. ಜೋಧಪುರದ ಸವಾರರ ಜೊತೆ, ಕುದುರೆ ಮೇಲೆ, ಈಟಿ ಹಿಡಿದು ಮಷಿನ್ ಗನ್‌ಗಳಿಗೆ ಎದುರಾದರು. ಆದರೆ ಆ ಪಡೆ 1914ರಲ್ಲೇ ಇಲ್ಲಿಂದ ಹೊರಟಿತ್ತು. ಸವಾರಿ ಬಾರದ ಹುಡುಗರನ್ನು ಸುಮ್ನೆ ಸೇರಿಸಿಕೊಳ್ಳುತ್ತಿದ್ದರಾ? ನನಗೆ ಇಲ್ಲೇ ಅನುಮಾನ. ಗುಮಾಸ್ತರಾಗಿ ಬೇರೆ ಪಡೆಯ ಜೊತೆ ಹೋಗಿದ್ದರೂ ಇರಬಹುದು, ಅಲ್ವಾ?

ನಿಮ್ಮ ಮನೆಯಲ್ಲಿ ಆ ಕಾಲದ ಕಾಗದ, ಪಿಂಚಣಿ ಪತ್ರ, ಹಾಸ್ಟೆಲಿನ ಗ್ರೂಪ್ ಫೋಟೋ ಏನಾದರೂ ಇದೆಯಾ? ಹಳೇ ದಾಖಲಾತಿ ಪುಸ್ತಕ ನೋಡಲು ಯಾರನ್ನು ಕೇಳಬೇಕು? ಒಂದು ಹೆಸರು, ತಂದೆಯ ಹೆಸರು, ಊರು ಸಿಕ್ಕರೂ ಸಾಕು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹೋಲಿಸಿ ನೋಡುತ್ತೇನೆ. ಮೈಸೂರು, ಮಂಡ್ಯ ಎಲ್ಲಿದ್ದರೂ ನಾನೇ ಮನೆಗೆ ಬಂದು ಫೋಟೋ ತೆಗೆದುಕೊಳ್ಳುತ್ತೇನೆ. ಕಾಗದ ನಿಮ್ಮ ಹತ್ತಿರವೇ ಇರಲಿ. ದಯವಿಟ್ಟು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.