‘ಹೆಣೆದ ಟೋಪಿ’ ಅಂದರೆ ಯಾವ ಟೋಪಿ?

ಎಲ್ಲರಿಗೂ ನಮಸ್ಕಾರ,

ಟೋಪಿ ರಫ್ತಿನ ಬಗ್ಗೆ ಒಂದು ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಹೆಣೆದ’ ಅನ್ನೋ ಪದ ಬಂದ ಕಡೆ ನಿಂತುಬಿಟ್ಟೆ. ನಿಮ್ಮ ಸಲಹೆ ಬೇಕು.

ದೇಶದಿಂದ ದೇಶಕ್ಕೆ ಹೋಗುವ ಸರಕಿಗೆಲ್ಲ ವಿಶ್ವ ಕಸ್ಟಮ್ಸ್ ಸಂಸ್ಥೆಯ ಒಂದು ಪಟ್ಟಿ ಇದೆ, 1988ರಿಂದ ಜಾರಿಯಲ್ಲಿದೆ, ರಫ್ತಿನ ಅಂಕಿಗಳು ಅದರ ನಂಬರಿನ ಮೇಲೆಯೇ ಲೆಕ್ಕವಾಗೋದು. ಅದರ 65ನೇ ಅಧ್ಯಾಯ ತಲೆಗೆ ಹಾಕುವ ವಸ್ತುಗಳದ್ದು. ಅಲ್ಲಿ 6504 ಅಂದರೆ ಹುಲ್ಲು, ಗರಿ, ನಾರಿನಂಥದ್ದನ್ನು ಹೆಣೆದು ಅಥವಾ ಪಟ್ಟಿಗಳನ್ನು ಜೋಡಿಸಿ ಮಾಡಿದ ಹ್ಯಾಟು. 6505ರಲ್ಲಿ ನೂಲಿನಿಂದ ಹೆಣೆದ ಟೋಪಿ, ಕ್ರೋಶಾ ಟೋಪಿ ಬರುತ್ತವೆ. ಇಂಗ್ಲಿಷಿನವರು ಮೊದಲನೆಯದಕ್ಕೆ ಪ್ಲೇಟೆಡ್ ಅಂತಾರೆ, ಎರಡನೆಯದಕ್ಕೆ ನಿಟೆಡ್. ನಮಗೆ ಎರಡೂ ‘ಹೆಣೆದ’ವೇ. ಜಡೆ ಹೆಣೆಯುತ್ತೇವೆ, ಚಾಪೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ, ಸ್ವೆಟರನ್ನೂ ಹೆಣೆಯುತ್ತೇವೆ. ಮಾತಿನಲ್ಲಿ ಇದರಿಂದ ಯಾರಿಗೂ ತೊಂದರೆ ಇಲ್ಲ. ಆದರೆ ‘ಹೆಣೆದ ಟೋಪಿಗಳ ರಫ್ತು ಇಳಿದಿದೆ’ ಅಂತ ಬರೆದರೆ, ಬಿಸಿಲಿಗೆ ಹಾಕೋ ಹುಲ್ಲಿನ ಹ್ಯಾಟೋ ಚಳಿಗೆ ಹಾಕೋ ಉಲ್ಲನ್ ಟೋಪಿಯೋ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ಎರಡನ್ನೂ ಮೇಜಿನ ಮೇಲಿಟ್ಟು ನೋಡಿದೆ. ಉಲ್ಲನ್ ಟೋಪಿಯನ್ನು ಹಿಗ್ಗಿಸಿದರೆ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಬಂದಿರೋದು ಕಾಣುತ್ತದೆ. ಮೇಲಿನ ತುದಿಯ ಗಂಟು ಬಿಚ್ಚಿ ನೂಲು ಎಳೆದೆ, ಸಾಲು ಸಾಲಾಗಿ ಸಲೀಸಾಗಿ ಬಿಚ್ಚಿಕೊಂಡು ಬಂತು. ಹುಲ್ಲಿನ ಹ್ಯಾಟಿನಲ್ಲಿ ಕುಣಿಕೆಯೇ ಇಲ್ಲ. ಒಂದು ಎಳೆ ಇನ್ನೊಂದರ ಮೇಲೆ ಹೋಗಿ ಮುಂದಿನದರ ಕೆಳಗೆ ನುಸುಳುತ್ತದೆ, ಅಷ್ಟೇ. ಎಳೆದರೆ ಆ ಒಂದು ಎಳೆ ಮುರಿಯುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಹಾಗಾಗಿ ನಿಟೆಡ್ ಅನ್ನೋದಕ್ಕೆ ‘ಕುಣಿಕೆ ಹೆಣಿಗೆ’ ಅಂತ ಬಳಸಿ, ಹುಲ್ಲು, ಗರಿಯದ್ದಕ್ಕೆ ಬರೀ ‘ಹೆಣೆದ’ ಅಂತ ಬಿಡೋಣ ಅನ್ನಿಸುತ್ತಿದೆ. ‘ನೇಯ್ದ’ ಅಂತೂ ಎರಡಕ್ಕೂ ಬೇಡ, ಆ ಪದ ಕೇಳಿದ ತಕ್ಷಣ ಮಗ್ಗ ನೆನಪಾಗುತ್ತದೆ.

‘ಉಣ್ಣೆ ಟೋಪಿ’ ಅಂತ ಬರೆದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಅಂಗಡಿಯಲ್ಲಿ ಉಲ್ಲನ್ ಅಂತ ಮಾರುವುದರಲ್ಲಿ ಎಷ್ಟೋ ಅಕ್ರಿಲಿಕ್ ನೂಲಿನವು, ಕುರಿಯ ಉಣ್ಣೆ ಅದರಲ್ಲಿ ಒಂದೆಳೆಯೂ ಇರುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 6505ರಲ್ಲಿ ನೂಲಿನಿಂದ ಹೆಣೆದವು ಮಾತ್ರ ಇಲ್ಲ. ಬಟ್ಟೆ ಕತ್ತರಿಸಿ ಹೊಲಿದ ಬೇಸ್‌ಬಾಲ್ ಕ್ಯಾಪೂ ಅಲ್ಲೇ, ಕೂದಲಿಗೆ ಹಾಕುವ ಬಲೆಯೂ ಅಲ್ಲೇ. ಫೆಲ್ಟ್ ಹ್ಯಾಟಿಗೆ, ಅಂದರೆ ನೇಯದೆ ಹೆಣೆಯದೆ ಉಣ್ಣೆಯಂಥ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆಯ ಹ್ಯಾಟಿಗೆ, ಮೊದಲು 6503 ಅಂತ ಬೇರೆ ನಂಬರ್ ಇತ್ತು, 2007ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದು 6505ಕ್ಕೆ ಸೇರಿಸಿದರು. ಹಾಗಾಗಿ ಹಿಂದಿನ ವರ್ಷಗಳನ್ನೂ ಆಮೇಲಿನ ವರ್ಷಗಳನ್ನೂ ಪಕ್ಕಪಕ್ಕ ಇಟ್ಟು ‘ಹೆಣೆದ ಟೋಪಿ ರಫ್ತು ಹೆಚ್ಚಾಯಿತು’ ಅಂತ ಬರೆದರೆ ಅದು ತಪ್ಪು ಸುದ್ದಿಯೇ ಆಗಬಹುದು. ನನ್ನ ಮೊದಲ ಕರಡಿನಲ್ಲಿ 6505 ಬಂದ ಕಡೆಯೆಲ್ಲ ‘ಹೆಣೆದ ಟೋಪಿ’ ಅಂತಲೇ ಬರೆದಿದ್ದೆ. ಈಗ ಎಲ್ಲಾ ಕಡೆ ‘ನೂಲು ಮತ್ತು ಬಟ್ಟೆಯ ಟೋಪಿಗಳು’ ಅಂತ ತಿದ್ದುತ್ತಿದ್ದೇನೆ. ಸ್ವಲ್ಪ ಉದ್ದ, ಆದರೆ ಸುಳ್ಳಲ್ಲ.

ಇಡೀ ಅಧ್ಯಾಯಕ್ಕೆ ‘ಶಿರಸ್ತ್ರಾಣ’ ಅಂತ ಹಾಕೋದು ನನಗೆ ಒಪ್ಪಿಗೆ ಇಲ್ಲ. ತ್ರಾಣ ಅಂದರೆ ಕಾಪಾಡುವುದು, ಅದು ಹೆಲ್ಮೆಟ್ಟಿಗೆ ಸರಿ. ಪಟ್ಟಿಯಲ್ಲಿ ಹೆಲ್ಮೆಟ್ಟಿಗೆ 6506.10 ಅಂತ ಬೇರೆ ಜಾಗವೇ ಇದೆ, ಆ ಪದವನ್ನು ಅಲ್ಲಿಗೆ ಉಳಿಸಿಕೊಳ್ಳಬೇಕು. ಒಟ್ಟಿಗೆ ಹೇಳಲು ‘ತಲೆಯುಡುಪು’ ಸಾಕು. ‘ಟ್ರೆಂಡ್’ಗೆ ‘ಪ್ರವೃತ್ತಿ’ ಕೂಡ ಬೇಡ, ಅದು ಮನುಷ್ಯರ ಸ್ವಭಾವದ ಮಾತು. ‘ಏರಿಳಿತ’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಪನಾಮ ಹ್ಯಾಟಿನ ಕಡೆಯೂ ಜಾಗ್ರತೆ ಬೇಕು. ‘ಪನಾಮ ಟೋಪಿ ರಫ್ತು’ ಅಂದರೆ ಪನಾಮ ದೇಶದ ರಫ್ತು ಅಂತ ಓದಿಕೊಳ್ಳುತ್ತಾರೆ. ಅದು ಹುಟ್ಟಿದ್ದು ಎಕ್ವಡಾರಿನಲ್ಲಿ, ಟೊಕಿಯಾ ಅನ್ನೋ ಗಿಡದ ಎಳೆಗಳಿಂದ ಹೆಣೆಯುತ್ತಾರೆ, ಪನಾಮದ ಮೂಲಕ ಮಾರಾಟವಾಗುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತು. 2012ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಈ ಕಸುಬನ್ನು ಸೇರಿಸಿದ್ದು ಎಕ್ವಡಾರಿನ ಹೆಸರಿನಲ್ಲೇ. ‘ಪನಾಮ ಹ್ಯಾಟು’ ಅಂತ ಬರೆದು, ಮೊದಲ ಸಲ ಬಂದಾಗ ‘ಎಕ್ವಡಾರಿನ’ ಅಂತ ಮುಂದೆ ಸೇರಿಸುತ್ತಿದ್ದೇನೆ.

ಈಗ ನನ್ನ ಪ್ರಶ್ನೆ. ‘ಕುಣಿಕೆ ಹೆಣಿಗೆ’ ಅಂದರೆ ನಿಮಗೆ ತಕ್ಷಣ ಹೊಳೆಯುತ್ತದಾ, ಇಲ್ಲ ವಿವರಿಸಬೇಕಾಗುತ್ತದಾ? ಕಡ್ಡಿ ಹಿಡಿದು ಸ್ವೆಟರ್ ಹಾಕುವವರು ಇದಕ್ಕೆ ಬೇರೆ ಪದ ಬಳಸೋದನ್ನು ಕೇಳಿದ್ದರೆ ದಯವಿಟ್ಟು ಬರೆಯಿರಿ. ಇನ್ನೊಂದು ಪದವೂ ಬೇಕು: ಹ್ಯಾಟನ್ನು ಅಚ್ಚಿಗೆ ಹಾಕಿ ಆಕಾರ ಕೊಡುವ ಮುಂಚೆ, ಅಂಚು ಕೂಡ ಮೂಡಿಲ್ಲದೆ, ಗಂಟೆಯ ಹಾಗೆ ಇಳಿಬಿದ್ದಿರುತ್ತದಲ್ಲ, ಅದೂ ಬೇರೆ ನಂಬರಿನಲ್ಲಿ ರಫ್ತಾಗುತ್ತದೆ, ಫೆಲ್ಟಿನದು 6501, ಹೆಣೆದದ್ದು 6502. ಸದ್ಯಕ್ಕೆ ‘ಅಚ್ಚಿಗೆ ಹಾಕದ ಟೋಪಿ’ ಅಂತ ಬರೆದಿಟ್ಟಿದ್ದೇನೆ.