ಲೆವೆಲ್ 38ಕ್ಕೆ ಬಂದ ಮೇಲೆ ನಾನೇ ಮಾಡಿದ ಕತ್ತಿಯ ಹೊಡೆತ ಕಮ್ಮಿ ಆಗಿದೆ, ಯಾಕೆ?

ಎಡದಂಡೆ_ಗಂಗಾವತಿ:

ಎಲ್ಲರಿಗೂ ನಮಸ್ಕಾರ. ಆಟ ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್, ಪಿಸಿಯಲ್ಲಿ ಆಡುತ್ತಿದ್ದೇನೆ. ಪಾತ್ರ ಡ್ರಾಗನ್‌ನೈಟ್ ಅನ್ನೋ ವರ್ಗದ ಯೋಧ, ಲೆವೆಲ್ 38. ಕೈಯಲ್ಲಿರೋದು ಸ್ಟೀಲ್ ಗ್ರೇಟ್‌ಸ್ವೋರ್ಡ್, ಎರಡು ಕೈಯಲ್ಲಿ ಹಿಡಿಯೋ ದೊಡ್ಡ ಕತ್ತಿ. ಲೆವೆಲ್ 18ರಲ್ಲಿ ಇದ್ದಾಗ ನಾನೇ ಕುಲುಮೆಯಲ್ಲಿ ಮಾಡಿದ್ದು. ಆಮೇಲೆ ಗುಣಮಟ್ಟ ಏರಿಸೋ ಗ್ರೇನ್ ಸಾಲ್ವೆಂಟ್ ಒಂದೊಂದೇ ಕೂಡಿಸಿ, ಹತ್ತು ಆದ ಮೇಲೆ ಹಾಕಿ, ನೇರಳೆ ಬಣ್ಣಕ್ಕೆ (ಹಸಿರು, ನೀಲಿ ಆದ ಮೇಲಿನ ಮಟ್ಟ, ಅದರ ಮೇಲೆ ಬಂಗಾರ) ತಂದೆ. ಅದಕ್ಕೇ ಒಂದು ತಿಂಗಳು ಹಿಡಿಯಿತು.

ಲೆವೆಲ್ 20ರ ಸುಮಾರಿಗೆ ಈ ಕತ್ತಿ ಎಷ್ಟು ಚೆನ್ನಾಗಿತ್ತು ಅಂದರೆ, ಡೆಲ್ವ್‌ನ (ಸಣ್ಣ ಗುಹೆಯಂಥ ಜಾಗ) ಬಾಸ್ ಕೂಡ ಅರ್ಧ ನಿಮಿಷದಲ್ಲಿ ಬೀಳುತ್ತಿದ್ದ. ಈಗ ಅದೇ ಥರದ ಬಾಸ್‌ಗೆ ಎರಡು ನಿಮಿಷ ಹೊಡೆದರೂ ಮುಗಿಯಲ್ಲ. ನಾನೇ ಎರಡು ಸಲ ಸತ್ತೆ. ಮೊನ್ನೆ ಚಿಕ್ಕಪ್ಪನ ಮಗಳು ಹೊಸದಾಗಿ ಶುರು ಮಾಡಿದಳು. ಅವಳದು ಲೆವೆಲ್ 9, ಕೈಯಲ್ಲಿ ಕಬ್ಬಿಣದ ಕತ್ತಿ. ಇಬ್ಬರೂ ಒಂದೇ ಗುಂಪಿನಲ್ಲಿ ಹೋದೆವು. ಅವಳು ನನಗಿಂತ ಬೇಗ ಹೊಡೆದು ಹಾಕುತ್ತಿದ್ದಾಳೆ. ಬೆಳೆದಷ್ಟೂ ಬಲ ಜಾಸ್ತಿ ಆಗಬೇಕು ಅಲ್ವಾ? ಕತ್ತಿ ಏನಾದರೂ ಸವೆದಿದೆಯಾ? ತುಂಬಾ ಬೇಜಾರಾಗಿದೆ, ತಿಳಿದವರು ಹೇಳಿ.

ಹತ್ತಿಹೊಲ_ರಾಯಚೂರು:

ತಮ್ಮ, ಈ ಆಟದಲ್ಲಿ ಆಯುಧ ಸವೆಯಲ್ಲ. ಸವೆಯೋದು ಮೈಮೇಲಿನ ಕವಚ. ಆಯುಧದಲ್ಲಿ ಖಾಲಿ ಆಗೋದು ಮಂತ್ರದ ಚಾರ್ಜ್. ಕತ್ತಿಗೆ ಬೆಂಕಿ ಗ್ಲಿಫ್ (ಮಂತ್ರ ಕೂಡಿಸೋ ಕಲ್ಲು) ಹಾಕಿದ್ದರೆ ಮೊದಲು ಅದನ್ನು ನೋಡು. ಚಾರ್ಜ್ ಮುಗಿದಿದ್ದರೆ ಸೋಲ್ ಜೆಮ್ ಅನ್ನೋ ಹರಳು ಹಾಕಿ ತುಂಬಿಸು.

ಇನ್ನೊಂದು ಅನುಮಾನ ಇದೆ. ನಾನು ಜಾಸ್ತಿ ಆಡೋದು ಗಿಲ್ಡ್ ವಾರ್ಸ್ 2. ಅಲ್ಲಿ 80ನೇ ಲೆವೆಲ್‌ನವರು ಸಣ್ಣ ಲೆವೆಲ್‌ನ ಜಾಗಕ್ಕೆ ಹೋದರೆ ನಮ್ಮ ಬಲವನ್ನೇ ಆ ಜಾಗದ ಮಟ್ಟಕ್ಕೆ ಇಳಿಸುತ್ತಾರೆ. ಇಲ್ಲೂ ಹಾಗೇ ನಿನ್ನನ್ನು ಇಳಿಸುತ್ತಿರಬಹುದು.

ಎಡದಂಡೆ_ಗಂಗಾವತಿ:

ಅಕ್ಕ, ಚಾರ್ಜ್ ನಿಜವಾಗಲೂ ಖಾಲಿ ಇತ್ತು! ತುಂಬಿಸಿದೆ. ಬೆಂಕಿ ಮತ್ತೆ ಹತ್ತುತ್ತಿದೆ. ಆದರೆ ಬಾಸ್ ಮುಂದೆ ಹೆಚ್ಚೇನೂ ಬದಲಾಗಿಲ್ಲ. ಸಣ್ಣ ಜಾಗ, ದೊಡ್ಡ ಜಾಗ ಎರಡರಲ್ಲೂ ನೋಡಿದೆ, ಹೊಡೆತ ಒಂದೇ ಥರ ಇದೆ.

ಕುಲುಮೆ_ಬಳ್ಳಾರಿ:

ತಮ್ಮಾ, ನಿನ್ನ ಕತ್ತಿಗೆ ಏನೂ ಆಗಿಲ್ಲ. ಅದು ಲೆವೆಲ್ 18ರಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ತೊಂದರೆ ಇರೋದೇ ಅಲ್ಲಿ.

ಅಕ್ಕ ಹೇಳಿದ್ದು ಗಿಲ್ಡ್ ವಾರ್ಸ್‌ಗೆ ಸರಿ. ಇಲ್ಲಿ ಲೆಕ್ಕ ತಿರುಗಾಮುರುಗಾ. ಇಲ್ಲಿ ನಮ್ಮನ್ನು ಇಳಿಸಲ್ಲ, ಏರಿಸುತ್ತಾರೆ. ಆಟ 2014ರಲ್ಲಿ ಬಂದಾಗ ಒಂದೊಂದು ಜಾಗಕ್ಕೆ ಒಂದೊಂದು ಲೆವೆಲ್ ಇತ್ತು. 2016ರ ಅಕ್ಟೋಬರ್‌ನಲ್ಲಿ ಒನ್ ಟ್ಯಾಮ್ರಿಯಲ್ ಅನ್ನೋ ಅಪ್‌ಡೇಟ್ ಬಂತು. ಅವತ್ತಿನಿಂದ ಎಲ್ಲ ಜಾಗದ ಪ್ರಾಣಿ, ಕಳ್ಳರು, ಬಾಸ್‌ಗಳು ಎಲ್ಲರೂ ಚಾಂಪಿಯನ್ 160ರ ಮಟ್ಟದಲ್ಲೇ ಇರುತ್ತಾರೆ (ಲೆವೆಲ್ 50 ಮುಗಿದ ಮೇಲೆ ಶುರುವಾಗೋ ಲೆಕ್ಕಕ್ಕೆ ಚಾಂಪಿಯನ್ ಅನ್ನುತ್ತಾರೆ). ಅವರು ನಿನ್ನ ಜೊತೆ ಬೆಳೆಯಲ್ಲ, ಕುಗ್ಗಲ್ಲ. ಲೆವೆಲ್ 3ರ ಹುಡುಗನೂ ಅವರ ಮುಂದೆ ನಿಲ್ಲಬೇಕಲ್ಲ, ಅದಕ್ಕೆ ಆಟವೇ ಅವನಿಗೆ ಬಲ ತುಂಬಿ ಕೊಡುತ್ತದೆ. ಲೆವೆಲ್ ಸಣ್ಣದಿದ್ದಷ್ಟೂ ಈ ತುಂಬಿಕೆ ದೊಡ್ಡದು. ನೀನು ಬೆಳೆದಂತೆ ಅದು ಸ್ವಲ್ಪ ಸ್ವಲ್ಪವೇ ಕಮ್ಮಿ ಆಗುತ್ತಾ ಹೋಗುತ್ತದೆ. ಆ ಖಾಲಿ ಜಾಗವನ್ನು ನಿನ್ನ ಗೇರ್ (ಆಯುಧ, ಕವಚ, ಆಭರಣ), ಸ್ಕಿಲ್, ಪಾಯಿಂಟ್ ತುಂಬಬೇಕು.

ನಿಮ್ಮ ಗಂಗಾವತಿ ಕಡೆ ಲೆಕ್ಕದಲ್ಲೇ ಹೇಳುತ್ತೇನೆ. ಕಾಲುವೆಗೆ ನೀರು ಬಿಟ್ಟಾಗ ಗದ್ದೆಯಲ್ಲಿರೋ ಬೋರ್ ಸಣ್ಣದಾ ದೊಡ್ಡದಾ ಅಂತ ಯಾರಿಗೂ ಗೊತ್ತಾಗಲ್ಲ. ಎಲ್ಲರ ಭತ್ತವೂ ಹಸಿರೇ. ಕಾಲುವೆ ನೀರು ಕಮ್ಮಿ ಆಗುತ್ತಾ ಬಂದಾಗ ಬೋರಿನ ಬಂಡವಾಳ ತಿಳಿಯುತ್ತದೆ. ಚಿಕ್ಕಪ್ಪನ ಮಗಳದು ಲೆವೆಲ್ 9, ಅವಳ ಕಾಲುವೆ ತುಂಬಿ ಹರಿಯುತ್ತಿದೆ. ನಿನ್ನ ಕಾಲುವೆ ಇಳಿದಿದೆ, ಬೋರು ಮಾತ್ರ 18ನೇ ಲೆವೆಲ್‌ನದು.

ನೇರಳೆ ಬಣ್ಣದ ಕತ್ತಿ ಹೀಗೆ ಮಾಡಬಹುದಾ ಅಂತ ನಿನಗೆ ಅನ್ನಿಸಿರಬೇಕು. ಬಣ್ಣ ಗುಣಮಟ್ಟಕ್ಕೆ ಸೇರಿದ್ದು, ಲೆವೆಲ್‌ಗೆ ಅಲ್ಲ. ನಮ್ಮ ಮಾವ ಇಲ್ಲಿ ಜೀನ್ಸ್ ಹೊಲಿಸುತ್ತಾರೆ. ಆರನೇ ಕ್ಲಾಸ್ ಹುಡುಗನ ಅಳತೆಗೆ ಹೊಲಿದ ಪ್ಯಾಂಟಿಗೆ ಎಷ್ಟು ಒಳ್ಳೆ ಜಿಪ್, ಎಷ್ಟು ಒಳ್ಳೆ ಗುಂಡಿ ಹಾಕಿದರೂ ಅವನು ಹತ್ತನೇ ಕ್ಲಾಸಿಗೆ ಬರುವಾಗ ಅದು ಮೊಣಕಾಲ ಹತ್ತಿರ ನಿಲ್ಲುತ್ತದೆ. ಮಾಡಿದ ಆಯುಧದ ಬಣ್ಣವನ್ನು ಆಮೇಲೂ ಏರಿಸಬಹುದು. ಅದರ ಲೆವೆಲ್ ಏರಿಸೋಕೆ ಬರಲ್ಲ. ಮಾಡುವಾಗ ಯಾವ ಲೆವೆಲ್ ಬಿತ್ತೋ ಅದೇ ಕೊನೆ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡು. ಡೆಲ್ವ್‌ನಲ್ಲಿ ಬಿದ್ದ ಯಾವುದಾದರೂ ಗ್ರೇಟ್‌ಸ್ವೋರ್ಡ್ ಚೀಲದಲ್ಲಿ ಇರುತ್ತದೆ. ಬಿದ್ದ ಸಾಮಾನು ನಿನ್ನ ಲೆವೆಲ್‌ಗೇ ಬೀಳುತ್ತದೆ. ಪಾತ್ರದ ಪುಟ ತೆಗೆ, ವೆಪನ್ ಡ್ಯಾಮೇಜ್ ಅಂತ ಇರೋ ಅಂಕಿ ಬರೆದಿಟ್ಟುಕೋ. ಕತ್ತಿ ಬದಲಿಸು, ಮತ್ತೆ ನೋಡು.

ಎಡದಂಡೆ_ಗಂಗಾವತಿ:

ಅಣ್ಣ, ನೋಡಿದೆ. ಹಸಿರು ಬಣ್ಣದ ಗ್ರೇಟ್‌ಸ್ವೋರ್ಡ್ ಒಂದು ಮಾರೋಕೆ ಅಂತ ಇಟ್ಟಿದ್ದೆ. ಅದನ್ನು ಕೈಗೆ ಕೊಟ್ಟ ತಕ್ಷಣ ಅಂಕಿ ಮೇಲೆ ಹೋಯಿತು. ಒಂದು ತಿಂಗಳು ಕಷ್ಟಪಟ್ಟ ಕತ್ತಿಗಿಂತ ಮಾರೋಕೆ ಇಟ್ಟಿದ್ದೇ ಮೇಲು. ನೋಡಿ ಹೊಟ್ಟೆ ಉರಿಯಿತು.

ಸರಿ, ಹೊಸದು ಮಾಡೋಣ ಅಂತ ಕುಲುಮೆಗೆ ಹೋದೆ. ಸ್ಟೀಲ್‌ಗಿಂತ ಮೇಲಿನ ಲೋಹ ಡ್ವಾರ್ವೆನ್, ಅದರ ಇಂಗಟ್ (ಲೋಹದ ಗಟ್ಟಿ) ಇದ್ದರೂ ಮಾಡೋಕೆ ಬಿಡುತ್ತಿಲ್ಲ. ಅದಿರು ಹುಡುಕಿದರೂ ಅರ್ಧ ಸ್ಟೀಲೇ ಸಿಗುತ್ತಿದೆ. ಇದ್ಯಾಕೆ?

ಕುಲುಮೆ_ಬಳ್ಳಾರಿ:

ಎರಡಕ್ಕೂ ಕಾರಣ ಒಂದೇ. ಬ್ಲ್ಯಾಕ್‌ಸ್ಮಿಥಿಂಗ್ (ಕಮ್ಮಾರಿಕೆ) ಪುಟದಲ್ಲಿ ಮೆಟಲ್‌ವರ್ಕಿಂಗ್ ಅಂತ ಇದೆ. ಅದಕ್ಕೆ ಪಾಯಿಂಟ್ ಹಾಕದೆ ಮೇಲಿನ ಲೋಹ ಮುಟ್ಟೋಕೆ ಆಗಲ್ಲ. ಕಬ್ಬಿಣ ಒಂದನೇ ಮೆಟ್ಟಿಲು, ಸ್ಟೀಲ್ ಎರಡು, ಓರಿಕ್ಯಾಲ್ಕಮ್ ಮೂರು, ಡ್ವಾರ್ವೆನ್ ನಾಲ್ಕು. ನೀನು ಎರಡಕ್ಕೇ ನಿಂತಿದ್ದೀಯ. ನೆಲದಲ್ಲಿ ಸಿಗೋ ಅದಿರಿನಲ್ಲೂ ಅರ್ಧ ನಿನ್ನ ಪಾತ್ರದ ಲೆವೆಲ್ ನೋಡಿ ಬರುತ್ತದೆ, ಇನ್ನರ್ಧ ಈ ಮೆಟ್ಟಿಲು ನೋಡಿ ಬರುತ್ತದೆ. ಅದಕ್ಕೇ ನಿನಗೆ ಅರ್ಧ ಸ್ಟೀಲ್.

ಬ್ಲ್ಯಾಕ್‌ಸ್ಮಿಥಿಂಗ್ ಬೇಗ ಏರಬೇಕು ಅಂದರೆ ಬಿದ್ದ ಕತ್ತಿ, ಕೊಡಲಿ, ಭಾರದ ಕವಚ ಯಾವುದನ್ನೂ ಅಂಗಡಿಗೆ ಮಾರಬೇಡ. ಕುಲುಮೆಯಲ್ಲಿ ಡಿಕನ್‌ಸ್ಟ್ರಕ್ಟ್ ಮಾಡು, ಅಂದರೆ ಒಡೆದು ಬಿಡಿಸು. ಸುಮ್ನೆ ಕಬ್ಬಿಣದ ಚಾಕು ಮಾಡುತ್ತಾ ಕೂರೋದಕ್ಕಿಂತ ಇದರಲ್ಲಿ ಬೇಗ ಏರುತ್ತದೆ.

ಎಡದಂಡೆ_ಗಂಗಾವತಿ:

ನಾಲ್ಕು ದಿನ ಆಯಿತು. ಮಧ್ಯಾಹ್ನ ಕರೆಂಟ್ ಇರಲ್ಲ, ರಾತ್ರಿ ಮಾತ್ರ ಆಡಿದೆ. ಮೆಟಲ್‌ವರ್ಕಿಂಗ್ ನಾಲ್ಕಕ್ಕೆ ಬಂತು, ಡ್ವಾರ್ವೆನ್ ಗ್ರೇಟ್‌ಸ್ವೋರ್ಡ್ ಮಾಡಿದೆ. ಆದರೆ ಅದರ ಮೇಲೆ ಲೆವೆಲ್ 36 ಅಂತ ಬಂದಿದೆ. ನಾನು ಈಗ 40. ಬಾಸ್ ವಿಷಯ ಪರವಾಗಿಲ್ಲ, ಆದರೆ ಮೊದಲಿನ ಥರ ಇಲ್ಲ.

ಕುಲುಮೆ_ಬಳ್ಳಾರಿ:

ಇಂಗಟ್ ಸಂಖ್ಯೆ ಬದಲಿಸಿದೆಯಾ? ಬಹಳ ಜನ ತಪ್ಪೋದು ಇಲ್ಲೇ. ಲೋಹ ಆರಿಸಿದಾಗ ಅದರ ಕೆಳಗೆ ಎಷ್ಟು ಇಂಗಟ್ ಅಂತ ಒಂದು ಅಂಕಿ ಇರುತ್ತದೆ, ಪಕ್ಕದಲ್ಲಿ ಬಾಣದ ಗುರುತು. ಕಮ್ಮಿ ಇಂಗಟ್ ಇಟ್ಟರೆ ಆ ಲೋಹದ ಕೆಳಗಿನ ಲೆವೆಲ್ ಬರುತ್ತದೆ. ಬಾಣ ಒತ್ತಿ ಇಂಗಟ್ ಜಾಸ್ತಿ ಮಾಡುತ್ತಾ ಹೋದರೆ ಲೆವೆಲ್ ಎರಡೆರಡಾಗಿ ಏರುತ್ತದೆ. ಡ್ವಾರ್ವೆನ್ 36ರಿಂದ 44ರವರೆಗೆ ಬರುತ್ತದೆ. 46ರಿಂದ 50ಕ್ಕೆ ಎಬನಿ ಬೇಕು. ನಿನ್ನ ಹಳೇ ಸ್ಟೀಲ್ ಕತ್ತಿಯ ಮೇಲೆ ಮೌಸ್ ಇಟ್ಟು ನೋಡು, ಅದರಲ್ಲೂ 16 ಅಂತಲೇ ಇರಬೇಕು. 18ಕ್ಕೆ ಮಾಡಿದೆ ಅಂತ ನೀನು ಅಂದುಕೊಂಡಿದ್ದೆ ಅಷ್ಟೇ.

ಇನ್ನೊಂದು ಮಾತು ಮೊದಲೇ ಕೇಳಬೇಕಿತ್ತು. ಮೈಮೇಲಿನ ಕವಚ ಯಾವ ಲೆವೆಲ್? ಉಂಗುರ, ಸರ? ತುಂಬಿಕೆ ಕಮ್ಮಿ ಆಗೋದು ಕತ್ತಿಯ ಪಾಲಿಗೆ ಮಾತ್ರ ಅಲ್ಲ. ಪ್ರತಿ ತುಂಡಿಗೂ ಅದೇ ಲೆಕ್ಕ. ಗ್ಲಿಫ್‌ಗೂ ಲೆವೆಲ್ ಇದೆ, ಸೆಟ್ ಬೋನಸ್ (ಒಂದೇ ಸೆಟ್‌ನ ಹಲವು ತುಂಡು ಹಾಕಿದರೆ ಸಿಗೋ ಹೆಚ್ಚಿನ ಬಲ) ಕೂಡ ತುಂಡಿನ ಲೆವೆಲ್ ನೋಡಿಯೇ ಏರುತ್ತದೆ.

ಎಡದಂಡೆ_ಗಂಗಾವತಿ:

ಅಯ್ಯೋ, ಹೌದು ಅಣ್ಣ, 16. ಕವಚ ಏಳರಲ್ಲಿ ಐದು 20ರ ಒಳಗಿನವು. ಒಂದು ಉಂಗುರ 12. ಎಲ್ಲವನ್ನೂ ಹೊಸದಾಗಿ ಮಾಡಿ ನೇರಳೆಗೆ ತರಬೇಕಾ? ಸಾಲ್ವೆಂಟ್ ಎಲ್ಲಿಂದ ತರಲಿ?

ಹತ್ತಿಹೊಲ_ರಾಯಚೂರು:

ಬೇಡ ತಮ್ಮ! ನಾನು ಈ ಆಟದಲ್ಲಿ ಅದೇ ತಪ್ಪು ಮಾಡಿದ್ದೆ. 50ರ ಒಳಗಿನ ಗೇರ್‌ಗೆ ಸಾಲ್ವೆಂಟ್ ಹಾಕಬೇಡ, ಬಂಗಾರದ ಬಣ್ಣಕ್ಕೆ ಏರಿಸೋ ಟೆಂಪರಿಂಗ್ ಅಲಾಯ್ ಅಂತೂ ಮುಟ್ಟಲೇಬೇಡ. ಹಸಿರು ಅಥವಾ ನೀಲಿ ಸಾಕು. ಒಂದು ಎಚ್ಚರ: ಬಣ್ಣ ಏರಿಸುವಾಗ ಗೆಲ್ಲೋ ಸಾಧ್ಯತೆ ಶೇಕಡಾ 100 ಬರುವಷ್ಟು ಹಾಕದೆ ಅದೃಷ್ಟ ನೋಡಿದರೆ, ಕೈ ಕೊಟ್ಟಾಗ ಆ ಸಾಮಾನೇ ಹೋಗುತ್ತದೆ. ನನ್ನದು ಒಂದು ಬಿಲ್ಲು ಹಾಗೇ ಹೋಯಿತು.

ಕುಲುಮೆ_ಬಳ್ಳಾರಿ:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಬಂಗಾರದ ಬಣ್ಣ ಚಾಂಪಿಯನ್ 160ರ ಗೇರ್‌ಗೆ ಮಾತ್ರ. ಅದರ ಮೇಲೆ ಗೇರ್ ಲೆವೆಲ್ ಇಲ್ಲ, ಹಾಕಿದ್ದು ನಿಲ್ಲುತ್ತದೆ. ಅದಕ್ಕೆ ಬೇಕಾದ ಲೋಹ ರೂಬೆಡೈಟ್ ಈಗಿಂದಲೇ ಕೂಡಿಸು, ಯಾಕಂದರೆ ಚಾಂಪಿಯನ್ 150ಕ್ಕೆ ಬೇಕಾದ ಲೋಹದ ಹತ್ತು ಪಟ್ಟು 160ಕ್ಕೆ ಬೇಕು.

ಅಲ್ಲಿವರೆಗೆ ಎರಡು ಲೆವೆಲ್‌ಗೊಂದು ಕತ್ತಿ ಮಾಡುತ್ತಾ ಕೂರೋದೂ ಬೇಡ. ನಾನು ಎಂಟು ಹತ್ತು ಲೆವೆಲ್‌ಗೊಮ್ಮೆ ಪೂರ್ತಿ ಬದಲಿಸುತ್ತೇನೆ. ಮಧ್ಯೆ ಬಿದ್ದದ್ದರಲ್ಲಿ ಒಳ್ಳೆಯದನ್ನು ಹಾಕಿಕೊಳ್ಳುತ್ತೇನೆ. ನೀನು ಈಗ 40ರಲ್ಲಿ ಇದ್ದೀಯ. ಕತ್ತಿ 42ಕ್ಕೆ ಮಾಡಿ ಚೀಲದಲ್ಲಿ ಇಡು, ಆ ಲೆವೆಲ್ ಬಂದ ದಿನ ಹಾಕಿಕೋ. ಟ್ರೇನಿಂಗ್ ಅನ್ನೋ ಟ್ರೇಟ್ (ಮಾಡುವಾಗ ಸೇರಿಸೋ ವಿಶೇಷ ಗುಣ) ಗೊತ್ತಿದ್ದರೆ ಅದನ್ನೇ ಹಾಕು, ಕೊಂದದ್ದಕ್ಕೆ ಅನುಭವ ಜಾಸ್ತಿ ಸಿಗುತ್ತದೆ. ಕವಚಕ್ಕೆ ಸದ್ಯ ಬಿದ್ದ ತುಂಡುಗಳೇ ಸಾಕು. ಮೊದಲು ಆ 12ರ ಉಂಗುರ ತೆಗೆ.

ಎಡದಂಡೆ_ಗಂಗಾವತಿ:

ಇವತ್ತು ಲೆವೆಲ್ 42. ಹೊಸ ಕತ್ತಿ ನೀಲಿ ಬಣ್ಣ, ಕವಚ ಎಲ್ಲ 38ರ ಮೇಲೆ, ಉಂಗುರ ಎರಡೂ ಹೊಸವು. ಅದೇ ಡೆಲ್ವ್‌ಗೆ ಹೋದೆ. ಬಾಸ್ ಮುಕ್ಕಾಲು ನಿಮಿಷದಲ್ಲಿ ಬಿದ್ದ, ನಾನು ಒಂದು ಸಲವೂ ಸಾಯಲಿಲ್ಲ. ಚಿಕ್ಕಪ್ಪನ ಮಗಳಿಗೂ ಇಂಗಟ್ ಬಾಣ ತೋರಿಸಿಕೊಟ್ಟೆ.

ಕೊನೆಯದಾಗಿ ಒಂದು. ಹಳೇ ನೇರಳೆ ಕತ್ತಿ ಏನು ಮಾಡಲಿ? ಡಿಕನ್‌ಸ್ಟ್ರಕ್ಟ್ ಮಾಡಿದರೆ ಸಾಲ್ವೆಂಟ್ ವಾಪಸ್ ಬರುತ್ತಾ?

ಕುಲುಮೆ_ಬಳ್ಳಾರಿ:

ಹತ್ತೂ ಬರಲ್ಲ ತಮ್ಮಾ. ಬಂದರೆ ಒಂದು ಬರಬಹುದು, ಅದೂ ಖಾತ್ರಿ ಇಲ್ಲ. ನೀನೇ ಮಾಡಿದ್ದು ಅಂತ ಅದರ ಮೇಲೆ ನಿನ್ನ ಪಾತ್ರದ ಹೆಸರು ಇರುತ್ತದೆ ನೋಡು. ಬ್ಯಾಂಕಿನಲ್ಲಿ ಒಂದು ಜಾಗ ಖಾಲಿ ಇದ್ದರೆ ಇಟ್ಟುಕೋ. ನೀನು ಹೊಸ ಪಾತ್ರ ಶುರು ಮಾಡಿದರೆ 16ರಿಂದ 25ರವರೆಗೆ ಅದಕ್ಕಿಂತ ಒಳ್ಳೆ ಕತ್ತಿ ಸುಲಭಕ್ಕೆ ಸಿಗಲ್ಲ.

ಎಡದಂಡೆ_ಗಂಗಾವತಿ:

ಬ್ಯಾಂಕಿಗೆ ಹಾಕಿದೆ ಅಣ್ಣ.