ಆರ್ಟ್ಸ್ ಕಾಲೇಜಿನಲ್ಲಿ ಫಿಸಿಕ್ಸ್ ಓದಿ ಇಂಜಿನಿಯರ್ ಆಗಲಿಕ್ಕೆ ಉಂಟಾ?

ಪ್ರಶ್ನೆ (ತಾಯಿ, ಕುಂಜಿಬೆಟ್ಟು):
ನಮಸ್ಕಾರ ಸರ್. ಮಗಳದ್ದು ಪಿಸಿಎಂಸಿ, ಸೆಕೆಂಡ್ ಪಿಯುಸಿ ಮುಗಿಯಿತು. ಅಮೆರಿಕದ ಒಂದು ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಸಮೇತ ಸೀಟು ಸಿಕ್ಕಿದೆ. ಫಿಸಿಕ್ಸ್ ಓದಿ ಆಮೇಲೆ ಇಂಜಿನಿಯರ್ ಆಗ್ತಾಳಂತೆ. ನಮ್ಮ ಭಾವ, "ಆರ್ಟ್ಸ್ ಓದಲಿಕ್ಕೆ ಅಷ್ಟು ದೂರ ಎಂತಕ್ಕೆ? ಮಣಿಪಾಲ ಹತ್ತು ನಿಮಿಷ" ಅಂತಾರೆ. ನಮಗೆ ತಲೆಬುಡ ಗೊತ್ತಾಗುವುದಿಲ್ಲ.

ಉತ್ತರ (ಮೆಕ್ಯಾನಿಕಲ್ ಇಂಜಿನಿಯರ್, ಬೈಕಂಪಾಡಿ):
ಮೇಡಂ, ಆ ಹೆಸರಿಗೆ ಹೆದರಬೇಡಿ. ಅಲ್ಲಿ ಗಣಿತ, ಫಿಸಿಕ್ಸ್ ಎಲ್ಲ ಲಿಬರಲ್ ಆರ್ಟ್ಸ್ ಒಳಗೇ ಬರುತ್ತದೆ. ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಗ್ರಿನೆಲ್ ಎಂಬ ಇಂಥದೇ ಸಣ್ಣ ಕಾಲೇಜಿನಿಂದ ಫಿಸಿಕ್ಸ್, ಗಣಿತದಲ್ಲಿ ಬಿ.ಎ. ಮಾಡಿದವರು. ಹೌದು, ಬಿ.ಎ.! ಆಮೇಲೆ ಅಮೆರಿಕದ ಎಂಐಟಿಯಲ್ಲಿ ಪಿಎಚ್.ಡಿ. ಈಗಿನ ಚಿಪ್‌ಗಳಿಗೆ ಮೂಲವಾದ ಟ್ರಾನ್ಸಿಸ್ಟರ್ ಆಗಷ್ಟೇ ಹುಟ್ಟಿದ್ದ ಕಾಲ. ಗ್ರಿನೆಲ್‌ನ ಮೇಷ್ಟ್ರು ಗ್ರಾಂಟ್ ಗೇಲ್ ಅದನ್ನು ಕಂಡುಹಿಡಿದ ಬೆಲ್ ಲ್ಯಾಬ್ಸ್‌ನಿಂದಲೇ ತರಿಸಿ ಮಕ್ಕಳಿಗೆ ತೋರಿಸಿದ್ದರು. ಸಣ್ಣ ಕಾಲೇಜಿನ ಲಾಭವೇ ಇದು. ಪಿಎಚ್.ಡಿ. ವಿದ್ಯಾರ್ಥಿಗಳು ಇರುವುದಿಲ್ಲವಾದ್ದರಿಂದ ಲ್ಯಾಬಿನ ಉಪಕರಣ ನಿಮ್ಮ ಮಗಳ ಕೈಗೇ ಬರುತ್ತದೆ.

ಕೇಳಬೇಕಾದ್ದು ಒಂದೇ: ಆ ಕಾಲೇಜೇ ಇಂಜಿನಿಯರಿಂಗ್ ಡಿಗ್ರಿ ಕೊಡುತ್ತದಾ? ಸ್ವಾರ್ತ್‌ಮೋರ್, ಹಾರ್ವೆ ಮಡ್ ಕೊಡುತ್ತವೆ. ಹೆಣ್ಮಕ್ಕಳ ಕಾಲೇಜಾದ ಸ್ಮಿತ್ 1999ರಲ್ಲಿ ಶುರು ಮಾಡಿತು. ಆದರೆ ಅದು ಮೆಕ್ಯಾನಿಕಲ್, ಸಿವಿಲ್ ಅಂತ ಬ್ರಾಂಚ್ ಮಾಡಿದ ಡಿಗ್ರಿ ಅಲ್ಲ, ಒಟ್ಟು ಇಂಜಿನಿಯರಿಂಗ್.

ಉಳಿದ ಹೆಚ್ಚಿನ ಕಡೆ 3-2 ಅಂತ ಉಂಟು. ಮೂರು ವರ್ಷ ಆ ಸಣ್ಣ ಕಾಲೇಜಿನಲ್ಲಿ, ಎರಡು ವರ್ಷ ದೊಡ್ಡ ಯೂನಿವರ್ಸಿಟಿಯಲ್ಲಿ, ಕೈಗೆ ಎರಡು ಡಿಗ್ರಿ. ಕಾಗದದಲ್ಲಿ ಬಹಳ ಚಂದ! ಜೊತೆಯವರು ಕೊನೆಯ ವರ್ಷಕ್ಕೆ ಕಾಲಿಡುವಾಗ ಇವಳು ಗಂಟುಮೂಟೆ ಕಟ್ಟಬೇಕು. ಎಷ್ಟೋ ಮಕ್ಕಳು ಅಲ್ಲೇ ಮನಸ್ಸು ಬದಲಿಸ್ತಾರೆ. ಮೊದಲ ಕಾಲೇಜಿನ ಸ್ಕಾಲರ್‌ಶಿಪ್ ಎರಡನೆಯದಕ್ಕೆ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಕೊನೆಯ ಎರಡು ವರ್ಷದ ಫೀಸು ಯಾರು ಕಟ್ಟುವುದು ಅಂತ ಈಮೇಲ್‌ನಲ್ಲೇ ಕೇಳಿ, ಫೋನಲ್ಲಿ ಬೇಡ.

ಪ್ರಶ್ನೆ:
ಬರೀ ಫಿಸಿಕ್ಸ್ ಬಿ.ಎ. ಮುಗಿಸಿ ಊರಿಗೆ ಬಂದರೆ ಕೆಲಸ ಸಿಗ್ತದಾ ಸರ್?

ಉತ್ತರ:
ಸಾಫ್ಟ್‌ವೇರ್‌ಗೆ ಅಡ್ಡಿಯಿಲ್ಲ. ಸರ್ಕಾರಿ ಕಂಪನಿಗಳ ಇಂಜಿನಿಯರ್ ಹುದ್ದೆಗೆ ಬಿ.ಇ., ಬಿ.ಟೆಕ್. ಅಥವಾ ತತ್ಸಮಾನ ಡಿಗ್ರಿ ಕೇಳ್ತಾರೆ, ಅಲ್ಲಿ ಅರ್ಜಿಯೇ ನಿಲ್ಲುವುದಿಲ್ಲ. ಇಂಜಿನಿಯರಿಂಗ್ ಎಂ.ಎಸ್.ಗೆ ಸೇರಬಹುದು, ಆದರೆ ಬಿಟ್ಟುಹೋದ ಕೆಲವು ಇಂಜಿನಿಯರಿಂಗ್ ಪಾಠ ಮೊದಲು ಓದಿಸ್ತಾರೆ. ಸೇತುವೆ, ಕಟ್ಟಡ ಅಂತ ಅವಳಿಗೆ ಈಗಲೇ ಖಚಿತ ಇದ್ದರೆ ನಿಮ್ಮ ಭಾವ ಹೇಳುವುದೇ ಸರಿ. ಇನ್ನೂ ಹುಡುಕುತ್ತಿದ್ದರೆ ಕಳಿಸಿ. ಇಂಟರ್‌ವ್ಯೂಗೆ ನನ್ನೆದುರು ಕೂರುವ ಮಕ್ಕಳು ಲೆಕ್ಕ ಮಾಡ್ತಾರೆ ಮಾರಾಯ್ರೆ, ಮಾಡಿದ್ದನ್ನು ಅರ್ಧ ಪುಟ ಬರೆಯಿರಿ ಅಂದರೆ ಒದ್ದಾಡ್ತಾರೆ. ಆ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಫಿಸಿಕ್ಸ್ ಮಕ್ಕಳಿಗೂ ಬರೆದೂ ಬರೆದೂ ಕೈ ಪಳಗುತ್ತದೆ.

ಪ್ರಶ್ನೆ:
ಹಾಗಾದರೆ ಇಲ್ಲಿಯ ಸಿಇಟಿ ಸೀಟಿನ ಆಸೆ ಬಿಡುವುದಾ?

ಉತ್ತರ:
ವೀಸಾ ಕೈಗೆ ಬರುವವರೆಗೆ ಬಿಡಬೇಡಿ. ಸೀಟು ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಅಂತ ಮಾತ್ರ ಫೀಸು ಕಟ್ಟುವ ಮೊದಲೇ ಓದಿಕೊಳ್ಳಿ.